ಮಳೆ ತೊಳೆದ ಎಲೆಗಳು

ಪಿಳ್ಳಣ್ಣನನ್ನು ಕಳ್ಳ ಎಂದಾಗ ನಾನು ಅಲ್ಲೇ ಎರಡು ಮಾರು ದೂರದಲ್ಲಿ ಎಲೆ ತೊಳೆಯುತ್ತಿದ್ದೆ. ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅನ್ನುವುದಾದರೆ ನನ್ನನ್ನು ಅನ್ನಲಿ, ಜವಾನನನ್ನು ಅನ್ನಲಿ, ಹೆಬ್ಬಾಳದ ಕೆರೆ ಏರಿಯ ಮೇಲೆ ನಡೆದಾಡುವ ಇಡೀ ಜನವನ್ನೇ ಅನ್ನಲಿ, ಪಿಳ್ಳಣ್ಣನನ್ನೇ? ದಾರಿಯಲ್ಲಿ ಬಿದ್ದ ಪರಂಗಿಹಣ್ಣನ್ನು ಎತ್ತಿಕೊಳ್ಳಲು ಕೂಡ ತೋಟದವರನ್ನು ಹುಡುಕಿಕೊಂಡು ಹೋಗಿ ಕೇಳುವ ಮನುಷ್ಯ ಅವನು.

1982ರ ಸೆಪ್ಟೆಂಬರ್ ಕೊನೆಯ ವಾರ. ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯ ಪಕ್ಕ, ಹಣ್ಣು ಬೆಳೆಗಾರರ ಸಂಘವೊಂದು ಎರಡು ಕೋಣೆಯ ಹೆಂಚಿನ ಮನೆಯಲ್ಲಿ ಎಲೆ ಪರೀಕ್ಷೆಯ ಲ್ಯಾಬ್ ನಡೆಸುತ್ತಿತ್ತು. ರಕ್ತ ನೋಡಿ ಮನುಷ್ಯನ ಆರೋಗ್ಯ ಹೇಳುತ್ತಾರಲ್ಲ, ಹಾಗೆ ಎಲೆ ನೋಡಿ ಮರದ ಆರೋಗ್ಯ ಹೇಳುವ ಜಾಗ. ಪಿಳ್ಳಣ್ಣ ಸೈಕಲ್ ತುಳಿದುಕೊಂಡು ಯಲಹಂಕ, ಕೋಗಿಲು, ಜಕ್ಕೂರಿನ ತೋಟಗಳಿಗೆ ಹೋಗಿ, ಎದೆಯೆತ್ತರದ ಕೊಂಬೆಗಳಲ್ಲಿ ತುದಿಯಿಂದ ಮೂರನೇ ಜೋಡಿ ಎಲೆ ಕೊಯ್ದು ಬಟ್ಟೆ ಚೀಲದಲ್ಲಿ ತರುತ್ತಿದ್ದ. ನಾನು ತೊಳೆದು, ಒಣಗಿಸಿ, ಪುಡಿ ಮಾಡಿ, ಸುಟ್ಟು ಬೂದಿ ಮಾಡುತ್ತಿದ್ದೆ. ಆ ಬೂದಿಯನ್ನು ಆಮ್ಲದಲ್ಲಿ ಕರಗಿಸಿ, ಜ್ವಾಲೆಗೆ ಸಿಂಪಡಿಸುವ ಯಂತ್ರದ ಮುಂದೆ ಕೂತರೆ ಅದರ ಮುಳ್ಳು ಎದ್ದು ಪೊಟ್ಯಾಷ್ ಎಷ್ಟಿದೆ ಎಂದು ತೋರಿಸುತ್ತಿತ್ತು. ಆ ಮುಳ್ಳಿನ ಮಾತನ್ನು ಕಾಗದದ ಮೇಲೆ ಬರೆದು ಸಹಿ ಹಾಕುವವರು ಡಾಕ್ಟರ್ ಚಿಕ್ಕಮಾರಯ್ಯ. ತಮ್ಮೂರು ಮಾಕಳಿಯವರಲ್ಲಿ ಡಾಕ್ಟರೇಟ್ ಪಡೆದ ಮೊದಲನೆಯವರು. ಅದನ್ನು ಅವರು ಮರೆಯುತ್ತಿರಲಿಲ್ಲ, ನಮಗೂ ಮರೆಯಲು ಬಿಡುತ್ತಿರಲಿಲ್ಲ.

ಅವತ್ತು ಬೆಳಿಗ್ಗೆ ಜಕ್ಕೂರಿನ ಮೊಯಿನುದ್ದೀನ್ ಸಾಹೇಬರು ಎರಡು ಕಾಗದ ಹಿಡಿದು ಒಳಗೆ ನುಗ್ಗಿದ್ದರು. ವಿಮಾನದ ಮೈದಾನದ ಬೇಲಿಗೆ ಅಂಟಿಕೊಂಡಂತೆ ಅವರದೊಂದು ಸೀಬೆ ತೋಟ. ಆ ತಿಂಗಳ ಮೊದಲ ವಾರ, ಒಣ ಬಿಸಿಲಿನಲ್ಲಿ, ತಾವೇ ಒಂದು ಮರದ ಎಲೆ ಕೊಯ್ದು ತಂದು ಪರೀಕ್ಷೆ ಮಾಡಿಸಿದ್ದರು. ಹನ್ನೆರಡು ದಿನ ಕಳೆದ ಮೇಲೆ ಸಂಘದ ಲೆಕ್ಕದಲ್ಲಿ ಪಿಳ್ಳಣ್ಣ ಹೋಗಿ ಅದೇ ಮರದ ಎಲೆ ತಂದಿದ್ದ. ಮೊದಲನೇ ಕಾಗದದಲ್ಲಿ ಪೊಟ್ಯಾಷ್ ಬೇಕಾದಷ್ಟಿದೆ ಎಂದಿತ್ತು. ಎರಡನೆಯದರಲ್ಲಿ ತೀರಾ ಕಡಿಮೆ.

"ಹನ್ನೆರಡು ದಿನದಲ್ಲಿ ನನ್ನ ಮರ ಫಕೀರ ಆಗೋಯ್ತಾ ಡಾಕ್ಟ್ರೇ?" ಎಂದು ಸಾಹೇಬರು ಎರಡೂ ಕಾಗದಗಳನ್ನು ಮೇಜಿನ ಮೇಲೆ ಬಡಿದರು. "ಯಾವುದು ನಂಬ್ಲಿ ನಾನು? ನಿಮ್ಮ ಬಲಗೈ ಬರೆದಿದ್ದಾ, ಎಡಗೈ ಬರೆದಿದ್ದಾ?"

ಅವರು ಹೋದ ಮೇಲೆ ಡಾಕ್ಟರು ಪಿಳ್ಳಣ್ಣನನ್ನು ಕರೆದರು. ತೋಟಕ್ಕೆ ಹೋಗಿದ್ದೆಯಾ ಎಂದು ಕೇಳಿದರು. ಪಿಳ್ಳಣ್ಣ ಗಾಬರಿಯಾಗಿ ಅಂಗಿಯ ಜೇಬು ಮುಟ್ಟಿಕೊಂಡ, ಟವೆಲ್ ಸರಿಮಾಡಿಕೊಂಡ. ಅಷ್ಟು ಸಾಕಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ಡಾಕ್ಟರು ತೀರ್ಮಾನಿಸಿಬಿಟ್ಟರು.

"ಮರ ಹನ್ನೆರಡು ದಿನದಲ್ಲಿ ಬದಲಾಗಲ್ಲ. ಯಂತ್ರ ಸುಳ್ಳು ಹೇಳಲ್ಲ. ಉಳಿದೋನು ನೀನೊಬ್ಬ. ಸಂಬಳ ತಗೊಂಡು ತೋಟಕ್ಕೆ ಹೋಗ್ದೆ, ದಾರೀಲಿ ಸಿಕ್ಕಿದ ಮರದ ಎಲೆ ಕಿತ್ಕೊಂಡ್ ಬರೋನ್ನ ಕಳ್ಳ ಅನ್ನದೆ ಇನ್ನೇನ್ ಅನ್ಬೇಕು? ಈ ಸೋಮವಾರ ಅಲ್ಲ, ಮುಂದಿನ ಸೋಮವಾರ ಕಮಿಟಿ ಇದೆ. ಅಷ್ಟರಲ್ಲಿ ನಿಜ ಒಪ್ಕೋ. ಇಲ್ಲಾಂದ್ರೆ ಕೆಲಸ ಬಿಟ್ಟು ಹೋಗ್ತಾ ಇರು."

ಪಿಳ್ಳಣ್ಣ, ಹನ್ನೊಂದು ವರ್ಷ ಕೆಲಸ ಮಾಡಿದವನು, ಕಣ್ಣರಳಿಸಿಕೊಂಡು, ತನಗೆ ಬರದ ಭಾಷೆಯಲ್ಲಿ ಯಾರೋ ಮಾತಾಡುತ್ತಿದ್ದಾರೆ ಎಂಬಂತೆ ಡಾಕ್ಟರ ಬಾಯಿಯನ್ನೇ ನೋಡುತ್ತ ನಿಂತಿದ್ದ. ನಾನೇ ಬಾಯಿ ಹಾಕಿದೆ. "ಸರ್, ಕಳ್ಳ ಅನ್ನೋ ಮಾತು ವಾಪಸ್ ತಗೊಳ್ಳಿ" ಎಂದೆ. ಡಾಕ್ಟರು ನನ್ನ ಕಡೆ ತಿರುಗಿ, "ತಾಹೆರಾ, ನೀವು ಎಲೆ ತೊಳೀರಿ" ಎಂದರು. ಎಂಟು ವರ್ಷದಲ್ಲಿ ಅವರು ನನಗೆ ಹೆಚ್ಚಾಗಿ ಹೇಳಿದ್ದು ಅದೇ ಮಾತು.

ಮಧ್ಯಾಹ್ನ ಪಿಳ್ಳಣ್ಣ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದ. ಬುತ್ತಿ ಬಿಚ್ಚಿರಲಿಲ್ಲ.

"ಓಗಿದ್ದೆ ತಾಹೆರಮ್ಮ" ಎಂದ. "ಅದೇ ಮರ, ಸಾಬ್ರು ಸುಣ್ಣ ಬಳ್ದಿರೋ ಮರ. ನಮ್ಮಪ್ಪನಾಣೆ. ಬೇಕಾರೆ ಇಲ್ಲಿ ನೋಡಿ, ಬರ್ದಿವ್ನಿ."

ಅಂಗಿಯ ಜೇಬಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದ. ಡಾಕ್ಟರ ಮುಂದೆ ಅವನ ಕೈ ಹೋದದ್ದು ಅದಕ್ಕೇ ಇರಬೇಕು. ಅದರಲ್ಲಿ ಅವನು ಬರೆದಿಡುತ್ತಾನೆಂದೇ ನನಗೆ ಗೊತ್ತಿರಲಿಲ್ಲ. ನಮ್ಮ ರಿಜಿಸ್ಟರಿನಲ್ಲಿ ಎಲೆ ಲ್ಯಾಬಿಗೆ ಬಂದ ತಾರೀಖು ಮಾತ್ರ ಇರುತ್ತಿತ್ತು. ಪಿಳ್ಳಣ್ಣನ ಪುಸ್ತಕದಲ್ಲಿ ತಾರೀಖೇ ಇರಲಿಲ್ಲ, ಮಳೆ ಇತ್ತು. ಅವನಂಥ ಒಕ್ಕಲು ಮಕ್ಕಳು ವರ್ಷವನ್ನು ಎಣಿಸುವುದೇ ಎರಡು ವಾರಕ್ಕೊಂದರಂತೆ ಬರುವ ಮಳೆಯ ಹೆಸರಿನಲ್ಲಿ. ಸೊಟ್ಟ ಅಕ್ಷರದಲ್ಲಿ ಬರೆದಿದ್ದ: "ಜಕ್ಕೂರು ಸಾಬ್ರ ತೋಟ. ಉತ್ತರೆ ಮಳೆ, ರಾತ್ರೆಲ್ಲಾ ಉಯ್ತು. ಮಾರ್ನೇ ದಿನ ಕೊಯ್ದಿದ್ದು."

ಸಾಹೇಬರು ತಾವೇ ಎಲೆ ತಂದಾಗ ಅದಕ್ಕೂ ಮುಂಚಿನ ಹುಬ್ಬೆ ಮಳೆಯ ಕಾಲ. ಆ ವರ್ಷ ಹುಬ್ಬೆ ಒಂದು ಹನಿ ಉದುರಿಸಿರಲಿಲ್ಲ. ಎಲೆಗಳ ಮೇಲೆ ಕೆಂಪು ಧೂಳು ಬೆರಳು ದಪ್ಪ ಕೂತಿತ್ತು, ತೊಳೆಯಲು ನಾನು ಪಟ್ಟ ಪಾಡು ನೆನಪಿದೆ. ಎರಡನೇ ಸಲದ ಎಲೆಗಳು ಕನ್ನಡಿಯ ಹಾಗಿದ್ದವು. ಮರ ಒಂದೇ, ಕೊಂಬೆ ಒಂದೇ. ನಡುವೆ ಬಂದದ್ದು ಮಳೆ ಒಂದು.

ಆ ಹೊತ್ತಿಗೆ ನನಗೆ ಇಷ್ಟು ಮಾತ್ರ ಹೊಳೆಯಿತು. ಮಳೆಯಿಂದ ಎಲೆಯ ಹೊರಗಿನ ಧೂಳು ಹೋಗುತ್ತದೆ, ಒಳಗಿನ ಸತ್ವ ಹೇಗೆ ಹೋದೀತು? ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಆರ್.ಟಿ. ನಗರದ ನಮ್ಮ ಮನೆಗೆ ಹೋದೆ. ಪಾಲಕ್ ಸೊಪ್ಪನ್ನು ಬೋಗುಣಿಯಲ್ಲಿ ನೆನೆಹಾಕಿ ಯೋಚಿಸುತ್ತ ಕೂತೆ. ಅಮ್ಮಿ ಬಂದು ನೋಡಿ ಬೈಗುಳ ಶುರು ಮಾಡಿದಳು. ಸೊಪ್ಪನ್ನು ಜಾಲಿಸಿ ತೆಗೆಯಬೇಕು, ನೆನೆಸಿ ಇಟ್ಟರೆ ಸಾರವೆಲ್ಲ ನೀರಿಗೆ ಬಿಟ್ಟುಕೊಳ್ಳುತ್ತೆ, ಗಂಡನ ಮನೆಯಲ್ಲಾಗಿದ್ದರೆ ಮಾನ ಹೋಗುತ್ತಿತ್ತು, ಎಂಟು ವರ್ಷ ಸಂಬಳ ತಗೊಂಡು ಎಲೆ ತೊಳೆದು ಕಲಿತದ್ದು ಇದೇನಾ ಎಂದೆಲ್ಲ ಅಂದಳು. ನಾನು ಬೋಗುಣಿಯ ಹಸಿರು ನೀರನ್ನೇ ನೋಡುತ್ತಿದ್ದೆ.

ರಾತ್ರಿಯ ಮಳೆಗೆ ಎಲೆಯ ಸಾರ ಇಳಿದುಹೋಗಿರಬಹುದು ಎಂದು ಮರುದಿನ ಡಾಕ್ಟರಿಗೆ ಹೇಳಿದೆ. ಅವರು ನಕ್ಕರು.

"ಲ್ಯಾಬಲ್ಲಿ ನಾವೂ ತೊಳೀತೀವಲ್ಲಮ್ಮ. ಆಗ ಹೋಗದೆ ಇರೋದು ಮಳೇಲಿ ಹೋಗುತ್ತಾ?"

"ನಾನು ಅರ್ಧ ನಿಮಿಷ ಅದ್ದಿ ತೆಗೀತೀನಿ ಸರ್. ಮಳೆ ರಾತ್ರಿಯೆಲ್ಲಾ ಸುರಿಯುತ್ತೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನೀವೇ ದಿನಾ ಹೇಳ್ತೀರಲ್ಲ, ನೋಡೋಣ ಬನ್ನಿ. ಒಬ್ಬ ಮನುಷ್ಯನ ಅನ್ನದ ಪ್ರಶ್ನೆ."

ಅವರದೇ ಗಾದೆಯನ್ನು ಅವರ ಮೇಲೆಯೇ ಎಸೆದದ್ದು ಕೆಲಸ ಮಾಡಿತು. ಮುಖ ಕೆಂಪಗಾದರೂ ಒಪ್ಪಿದರು. ಉತ್ತರೆ ಮುಗಿದು ಹಸ್ತೆ ಮಳೆ ಹುಟ್ಟಿತ್ತು. ಗುರುವಾರ ಮಧ್ಯಾಹ್ನ ದೇವನಹಳ್ಳಿ ಕಡೆ ಆಕಾಶ ಕಪ್ಪಗಾದದ್ದೇ ಜಕ್ಕೂರಿಗೆ ಹೋದೆವು. ಸಾಹೇಬರ ಅದೇ ಮರದ ಒಂದು ಕೊಂಬೆಗೆ, ಯಶವಂತಪುರದ ಮಾರ್ಕೆಟ್ಟಿನಿಂದ ತಂದಿದ್ದ ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಕೊಡೆಯ ಹಾಗೆ ಮೇಲುಗಡೆ ಕಟ್ಟಿದೆವು. ಪಕ್ಕದ ಕೊಂಬೆಯನ್ನು ಹಾಗೇ ಬಿಟ್ಟೆವು. ದಾರದ ಗಂಟನ್ನು ಡಾಕ್ಟರು ತಾವೇ ಹಾಕಿದರು, ಯಾರೂ ಬಿಚ್ಚಿ ಮೋಸ ಮಾಡಬಾರದೆಂದು ಅದರ ಮೇಲೆ ಅರಗು ಬೇರೆ ಒತ್ತಿದರು. ಪಿಳ್ಳಣ್ಣ ದೂರದಲ್ಲಿ ನಿಂತು ನೋಡುತ್ತಿದ್ದ. ಮರವನ್ನು ಮುಟ್ಟಲು ಅವನಿಗೆ ಅಪ್ಪಣೆ ಇರಲಿಲ್ಲ. ಸಂಜೆ ಐದಕ್ಕೆ ಹಿಡಿದ ಮಳೆ ಮರುದಿನ ಬೆಳಿಗ್ಗೆ ಬಿಟ್ಟಿತು.

ಎರಡೂ ಕೊಂಬೆಯ ಎಲೆಗಳನ್ನು ಡಾಕ್ಟರೇ ಕೊಯ್ದರು. ಒಣಗಿಸಿ, ಸುಟ್ಟು, ಕರಗಿಸುವಷ್ಟರಲ್ಲಿ ಸೋಮವಾರ ಬಂತು. ಕಮಿಟಿ ಸೇರುವುದು ಸಂಜೆ ನಾಲ್ಕಕ್ಕೆ. ಹನ್ನೊಂದು ಗಂಟೆಗೆ ಯಂತ್ರದ ಮುಂದೆ ಕೂತೆ. ಹಾಳೆಯ ಕೆಳಗಿದ್ದ ಕೊಂಬೆಯ ಎಲೆ ಕರಗಿಸಿದ ದ್ರವವನ್ನು ಜ್ವಾಲೆಗೆ ಬಿಟ್ಟಾಗ ಮುಳ್ಳು ಎಂಬತ್ತೊಂದಕ್ಕೆ ಹೋಗಿ ನಿಂತಿತು. ಮಳೆಯಲ್ಲಿ ನೆಂದ ಕೊಂಬೆಯದನ್ನು ಬಿಟ್ಟೆ. ಮುಳ್ಳು ಐವತ್ನಾಲ್ಕು ದಾಟಲಿಲ್ಲ.

ಡಾಕ್ಟರು ನನ್ನನ್ನು ಎಬ್ಬಿಸಿ ತಾವೇ ಕೂತರು. ಮತ್ತೆ ಎಂಬತ್ತೊಂದು. ಮತ್ತೆ ಐವತ್ನಾಲ್ಕು. ಮೂರನೇ ಸಲವೂ ಮಾಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಂದೇ ಮರ. ಒಂದೇ ರಾತ್ರಿ" ಎಂದರು ಕೊನೆಗೆ. "ಎಲೆಯಿಂದಾನೇ ಸೋರಿ ಹೋಗುತ್ತಲ್ರೀ ಇದು."

ನನಗೆ ಕುಣಿಯುವಷ್ಟು ಖುಷಿ. ಬಾಗಿಲ ಹೊರಗಿದ್ದ ಪಿಳ್ಳಣ್ಣನನ್ನು ತೋಳು ಹಿಡಿದು ಎಳೆದುಕೊಂಡು ಬಂದೆ. ಡಾಕ್ಟರು ಎದ್ದು ನಿಂತರು. ಅಷ್ಟು ದೊಡ್ಡತನ ಅವರಲ್ಲಿ ಇತ್ತು, ಸುಳ್ಳು ಯಾಕೆ ಹೇಳಲಿ. "ಪಿಳ್ಳಣ್ಣ, ತಪ್ಪಾಯ್ತು ಕಣಯ್ಯ. ನೀನು ಸರಿಯಾದ ಮರದ ಎಲೇನೇ ತಂದಿದ್ದೆ. ಕಮಿಟಿಗೆ ನಾನೇ ಹೇಳ್ತೀನಿ" ಎಂದು ಜವಾನನಿಗೆ ಮೂರು ಕಾಫಿ ತರಲು ಹೇಳಿದರು.

ಪಿಳ್ಳಣ್ಣ ಕೈ ಮುಗಿದ. ಆದರೆ ಅವನ ಮುಖ ಅರಳಲಿಲ್ಲ. ಜೇಬಿನಿಂದ ಆ ನೋಟ್‌ಬುಕ್ ತೆಗೆದು ಹಿಂದಕ್ಕೆ ಹಿಂದಕ್ಕೆ ಹಾಳೆ ತಿರುವತೊಡಗಿದ.

"ಸಾರ್, ಒಂದ್ ಮಾತು" ಎಂದ. "ಮಳೆ ಆದ್ಮ್ಯಾಕೆ ಕೊಯ್ದ ಎಲೇಲಿ ಕಮ್ಮಿ ಬಂದ್ರೆ, ಮರದಾಗೆ ಕಮ್ಮಿ ಐತೆ ಅಂತ ಅರ್ಥ ಅಲ್ಲ. ಅಲ್ವರಾ?"

"ಅಲ್ಲ. ಮರ ಚೆನ್ನಾಗೇ ಇರಬಹುದು."

"ಅಂಗಾರೆ ನಮ್ಮಕ್ಕನ ಮರ?"

ಬೆರಳಿಟ್ಟು ತೋರಿಸಿದ. ಹೋದ ವರ್ಷದ ಹಾಳೆ. "ಕೋಗಿಲು. ಗಂಗಕ್ಕನ ತೋಟ. ಅಸ್ತೆ ಮಳೆ, ಎಲ್ಡ್ ದಿನ ಬಿಡ್ದೆ ಉಯ್ತು. ಮಾರ್ನೇ ದಿನ ಕೊಯ್ದಿದ್ದು."

ಮುನಿಗಂಗಮ್ಮ ಪಿಳ್ಳಣ್ಣನ ಒಡಹುಟ್ಟಿದ ಅಕ್ಕ. ಬಾವಿ ಇಲ್ಲದ ಕಾಲದಲ್ಲಿ ಕುಂಟೆಯಿಂದ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಅರವತ್ತು ಸೀಬೆ ಮರ ಅವಳದು. ಎರಡು ವರ್ಷ ಕಾಯಿ ಕಡಿಮೆ ಬಂತೆಂದು ತಮ್ಮನೇ ಒತ್ತಾಯ ಮಾಡಿ ಎಲೆ ಪರೀಕ್ಷೆ ಮಾಡಿಸಿದ್ದ. ಮರಗಳ ಸತ್ವ ಮುಗಿದಿದೆ, ಗೊಬ್ಬರ ಹಾಕುವುದು ದಂಡ, ತೆಗೆದು ದ್ರಾಕ್ಷಿ ಹಾಕುವುದು ಒಳ್ಳೆಯದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಅವಳು ಅತ್ತುಕೊಂಡು ಬೇಡ ಎಂದಳಂತೆ. ಇವನು ಕಾಗದ ತೋರಿಸಿ ಒಪ್ಪಿಸಿದ್ದ. ದೀಪಾವಳಿ ಕಳೆದು ವಾರಕ್ಕೆ ಅರವತ್ತೂ ಮರ ನೆಲಕ್ಕುರುಳಿದವು.

ರಿಜಿಸ್ಟರ್ ತೆಗೆದೆವು. ಅವನ ಮಳೆಗಳನ್ನು ನಮ್ಮ ತಾರೀಖುಗಳ ಪಕ್ಕದಲ್ಲಿಟ್ಟು ನೋಡುತ್ತ ಹೋದೆವು. ಎರಡು ವರ್ಷದಿಂದ "ತೀರಾ ಕಡಿಮೆ" ಎಂದು ಬರೆದ ತೋಟಗಳಲ್ಲಿ ಮುಕ್ಕಾಲು ಪಾಲಿನ ಎಲೆ ಮಳೆಯ ಮಾರನೇ ದಿನ ಕೊಯ್ದವು.

ಏಕೆಂದರೆ ಹಾಗೆ ಕೊಯ್ಯಲು ಹೇಳಿದವಳು ನಾನು.

ಮುಚ್ಚಿಡುವುದೇನಿದೆ. ಎಲೆ ತೊಳೆಯಲು ಬಟ್ಟಿ ಇಳಿಸಿದ ನೀರೇ ಬೇಕು, ಕೊಳಾಯಿ ನೀರು ಆಗುವುದಿಲ್ಲ. ಆ ನೀರು ಇಳಿಸಲು ಕರೆಂಟ್ ಬೇಕು. ಎಂಬತ್ತನೇ ಇಸವಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕರೆಂಟ್ ಹೋಗುತ್ತಿತ್ತು. ಎರಡು ಜಾಡಿ ನೀರು ಸಿಕ್ಕಿದರೆ ಪುಣ್ಯ. ಧೂಳು ಮೆತ್ತಿದ ಎಲೆ ಬಂದರೆ ಒಂದು ಜಾಡಿ ಅದಕ್ಕೇ ಮುಗಿಯುತ್ತಿತ್ತು. ಒಂದು ದಿನ ರೇಗಿ ಪಿಳ್ಳಣ್ಣನಿಗೆ ಹೇಳಿದೆ: "ಮಳೆ ಬಂದ ಮಾರನೇ ದಿನ ಕೊಯ್ಕೊಂಡ್ ಬನ್ನಿ ಪಿಳ್ಳಣ್ಣ, ಅರ್ಧ ಕೆಲಸ ದೇವರೇ ಮಾಡಿರ್ತಾನೆ." ಅವನು ನಕ್ಕು ತಲೆಯಾಡಿಸಿದ್ದ. ಮಾತಿಗೆ ತಪ್ಪುವವನಲ್ಲ, ಎರಡು ವರ್ಷ ಚಾಚೂ ತಪ್ಪದೆ ಹಾಗೇ ಮಾಡಿದ. ನಾನು ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

"ಹೋದದ್ದು ಹೋಯ್ತು" ಎಂದರು ಡಾಕ್ಟರು, ಮೆಲ್ಲಗೆ. "ಇನ್ಮೇಲೆ ಮಳೆ ಆಗಿ ಒಂದು ವಾರ ಬಿಟ್ಟು ಕೊಯ್ಯೋಣ. ಹಳೇದನ್ನ ಕೆದಕೋದು ಬೇಡ."

ಕಾಫಿ ಬಂತು. ಯಾರೂ ಮುಟ್ಟಲಿಲ್ಲ.

"ನನ್ನ ಕಳ್ಳ ಅಂತಾನೇ ಬಿಟ್ಬಿಟ್ಟಿದ್ರೆ ಚಂದಾಗಿತ್ತು ತಾಹೆರಮ್ಮ" ಎಂದ ಪಿಳ್ಳಣ್ಣ. ಕೋಪವಿರಲಿಲ್ಲ ಆ ಮಾತಿನಲ್ಲಿ. ನಿನ್ನಿಂದಲೇ ಆಯಿತು ಎಂದು ಅವನು ಒಂದು ಸಲವೂ ಅನ್ನಲಿಲ್ಲ. ಅಂದುಬಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಡಾಕ್ಟರಿಗೆ ಹೇಳದೆ ಬ್ಯಾಗು ತೆಗೆದುಕೊಂಡೆ. "ನಡೀರಿ ಕೋಗಿಲಿಗೆ. ನಾನೇ ಹೇಳ್ತೀನಿ" ಎಂದೆ. ಯಲಹಂಕದವರೆಗೆ ಬಸ್ಸು, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಎಷ್ಟು ಜೋಡಿಸಿದರೂ ಕೊನೆಗೆ ಉಳಿಯುತ್ತಿದ್ದದ್ದು ಅರವತ್ತು ಮರ ಮತ್ತು ಎರಡು ಜಾಡಿ ನೀರು.

ಮುನಿಗಂಗಮ್ಮ ದ್ರಾಕ್ಷಿ ಬಳ್ಳಿಗಳ ಸಾಲಿನಲ್ಲಿ ಕಳೆ ಕೀಳುತ್ತಿದ್ದಳು. ಕಲ್ಲುಕಂಬಗಳು ನಿಂತಿದ್ದವು, ಬಳ್ಳಿ ಇನ್ನೂ ಮೊಣಕಾಲೆತ್ತರ. ಸಾಲುಗಳ ನಡುವೆ ಅಲ್ಲಲ್ಲಿ ಕಪ್ಪಗೆ ಒಣಗಿದ ಬೊಡ್ಡೆಗಳು. ತಮ್ಮನ ಜೊತೆ ಲ್ಯಾಬಿನವಳನ್ನು ಕಂಡದ್ದೇ ಅವಳ ಕೈಯಿಂದ ಕಳೆಗುದ್ದಲಿ ಜಾರಿತು. ಸೆರಗು ಎಳೆದುಕೊಂಡು ಓಡಿ ಬಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ಎರಡೂ ಕೈ ಹಿಡಿದುಕೊಂಡಳು.

"ತಪ್ಪಾಯ್ತು ಕಣಮ್ಮ. ಯಾರೇಳಿದ್ರೋ ನಿಮಗೆ. ಒಂದೇ ಒಂದು ಕಣಮ್ಮ, ಒಂದು ಉಳಿಸ್ಕಂಬುಟ್ಟೆ."

ನನಗೆ ಏನೂ ಅರ್ಥವಾಗಲಿಲ್ಲ. ಅವಳು ನನ್ನನ್ನು ಎಳೆದುಕೊಂಡು ಬಾವಿಯ ಹಿಂದಕ್ಕೆ ಹೋದಳು. ಅಲ್ಲಿ ಗೋಣಿತಾಟು ಮರೆಮಾಡಿದ ಒಂದು ಸೀಬೆ ಬೊಡ್ಡೆ. ಅದರ ಸುತ್ತ ನನ್ನ ಭುಜದೆತ್ತರಕ್ಕೆ ಬೆಳೆದ ನಾಲ್ಕು ಕೊಂಬೆ. ಎಲೆಗಳು ಅಂಗೈಯಗಲ, ಕಡು ಹಸಿರು. ಒಂದರಲ್ಲಿ ಹೂ ಕಚ್ಚಿತ್ತು.

"ಕಡ್ದು ಒಂದ್ ತಿಂಗ್ಳಿಗೇ ಎಲ್ಲಾ ಬುಡಾನೂ ಚಿಗುರ್ದೋ" ಎಂದಳು, ಉಸಿರು ಬಿಡದೆ. "ಸತ್ವ ಇಲ್ದಿದ್ ಮರ ಯಾಕಪ್ಪಾ ಇಂಗೆ ಚಿಗುರ್ತದೆ ಅಂತ ಪಿಳ್ಳನ್ನ ಕೇಳ್ದೆ. ಕಾಗ್ದದಾಗೆ ಬರ್ದವ್ರೆ, ಸಾಯೋಕ್ ಮುಂಚೆ ಅಂಗೇ ಚಿಗುರೋದು, ದ್ರಾಕ್ಷಿಗೆ ಅಡ್ಡ ಆಯ್ತದೆ, ಕಿತ್ತಾಕು ಅಂದ. ದ್ರಾಕ್ಷಿ ಬಳ್ಳಿ ಕೊಡೋವಾಗ ಅಳೇ ಮರ ಒಂದೂ ಇರ್ಬಾರ್ದು ಅಂತ ಸಂಘದಾಗೆ ನನ್ ಕೈಲಿ ಸೈನ್ ಬೇರೆ ಆಕಿಸ್ಕಂಡಿದ್ರಲ್ಲ. ದಿನಾ ಬೆಳಗ್ಗೆ ಎದ್ದು ಒಂದೊಂದೇ ಮುರ್ದೆ ಕಣಮ್ಮ. ಮುರ್ದಂಗೂ ಮತ್ತೆ ಬರವು. ಆರ್ ತಿಂಗ್ಳು ಮುರ್ದೆ. ಇದೊಂದಕ್ಕೆ ಮಾತ್ರ ಕೈ ಬರ್ಲಿಲ್ಲ. ಎಲ್ಲಾ ಕಿತ್ತಾಕ್ದೆ ಅಂತ ಇವ್ನಿಗೂ ಸುಳ್ಳೇಳ್ದೆ. ಬಳ್ಳಿ ವಾಪಸ್ ತಕಂಡೋಗ್ಬೇಡಿ. ನಾಳೇನೇ ಇದನ್ನೂ ಕಡಿಸ್ಬುಡ್ತೀನಿ."

ಪಿಳ್ಳಣ್ಣ ನೆಲಕ್ಕೆ ಕೂತುಬಿಟ್ಟ.

ಯಾರು ಯಾರ ಕ್ಷಮೆ ಕೇಳಬೇಕಿತ್ತು! ದಾರಿಯಲ್ಲಿ ಜೋಡಿಸಿಟ್ಟ ಮಾತು ಒಂದೂ ನೆನಪಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಎರಡು ದಿನದ ಮಳೆ ಎಲೆಯೊಳಗಿನ ಸಾರ ತೊಳೆದುಕೊಂಡು ಹೋಗಿತ್ತು, ಮರದಲ್ಲಿ ಏನೂ ಕೊರತೆ ಇರಲಿಲ್ಲ, ಕಾಗದ ತಪ್ಪು, ಮಳೆಯ ಮಾರನೇ ದಿನ ಕೊಯ್ಯಲು ಹೇಳಿದವಳು ನಾನು, ನಿಮ್ಮ ತಮ್ಮನದು ಏನೂ ತಪ್ಪಿಲ್ಲ ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿ ಎಂದು ಕಾದೆ. ಅವಳು ನನ್ನ ಕೈ ಬಿಟ್ಟಳು. ಗೋಣಿತಾಟು ಸರಿಸಿ ಆ ಕೊಂಬೆಗಳನ್ನು ನೋಡಿದಳು, ಆಮೇಲೆ ತಿರುಗಿ ದ್ರಾಕ್ಷಿ ಸಾಲಿನ ಬೊಡ್ಡೆಗಳನ್ನು ನೋಡಿದಳು.

"ಅಂಗಾರೆ ಅವು ಚಿಗುರ್ತಿದ್ದುದ್ದು ಬದುಕೋಕೇನಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

ಅವಳು ಎರಡೂ ಅಂಗೈಗಳನ್ನು ಮುಂದೆ ಹಿಡಿದುಕೊಂಡಳು. ಕಳೆ ಕಿತ್ತ ಮಣ್ಣು ಇನ್ನೂ ಅಂಟಿತ್ತು.

"ಐವತ್ತೊಂಬತ್ತು ಮರ. ಕಡ್ದಿದ್ದು ಯಾರೋ ಇರ್ಬೌದು. ಸಾಯಿಸಿದ್ದು ಈ ಕೈ ಕಣೋ ಪಿಳ್ಳ" ಎಂದಳು. ಪಿಳ್ಳಣ್ಣ ನೆಲದಿಂದ ತಲೆ ಎತ್ತಲಿಲ್ಲ.